ಗೇರ್ ಬೂಟಿನ ಅಡಿಯ ವಿಭೂತಿ

ಗೇರಿನ ಗುಂಡು ತಿರುಗಿ ತಿರುಗಿ ಕೊನೆಗೂ ಕೈಗೆ ಬಂತು. ವೃಂದಾ ಅದನ್ನು ಪಕ್ಕದ ಸೀಟಿನ ಮೇಲೆ ಎಸೆದು, ಬುಡದ ಕಬ್ಬಿಣದ ಬಳೆಗೆ ಸ್ಕ್ರೂಡ್ರೈವರ್ ಹಚ್ಚಿದಳು. ಮೂರು ಸ್ಕ್ರೂ ತಕರಾರಿಲ್ಲದೆ ಎದ್ದವು. ನಾಲ್ಕನೆಯದು ಮಾತ್ರ ಹಟ ಹಿಡಿಯಿತು.

"ಬಾರೋ ಮಾರಾಯಾ, ಇನ್ನ ನಿನ್ನ ಕಾಲಿಗೂ ಬೀಳಬೇಕೇನು ನಾನು?"

ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದರೆ ಸ್ಕ್ರೂ ಜೊತೆಗಾದರೂ ಮಾತಾಡುವ ಚಾಳಿ ಬೀಳುತ್ತದೆ. ಬೈರಿದೇವರಕೊಪ್ಪದ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ರವಿವಾರ ಮುಂಜಾನೆ ಅವಳೊಬ್ಬಳೇ ಇದ್ದಳು. ಮೇಲಿನ ಮನೆಗಳಲ್ಲಿ ಕುಕ್ಕರ್ ಕೂಗುತ್ತಿತ್ತು, ಯಾರದೋ ಮಗು ಅಳುತ್ತಿತ್ತು. ಆ ಮನೆಗಳ ಪೈಕಿ ಒಂದರ ಬಾಗಿಲನ್ನೂ ಅವಳು ಇದುವರೆಗೆ ತಟ್ಟಿದವಳಲ್ಲ.

ಗೇರ್ ಬೂಟು ಅಂದರೆ ಅಂಥ ದೊಡ್ಡ ಸಾಮಾನೇನೂ ಅಲ್ಲ. ಗೇರ್ ದಾಂಡಿನ ಬುಡಕ್ಕೆ ಪರಕಾರ ಉಡಿಸಿದ ಹಾಗೆ ಮಡಿಕೆ ಮಡಿಕೆಯಾಗಿ ಕೂತಿರುವ ರಬ್ಬರಿನ ಗವಸು, ಅಷ್ಟೇ. ಅದು ಹರಿಯಿತೋ, ಕೆಳಗಿನ ಧೂಳು, ಶಾಖ, ಎಣ್ಣೆಯ ನಾತ ಎಲ್ಲ ನೇರ ಒಳಗೆ. ಕಾಕಾ ಬಿಟ್ಟು ಹೋದ ಈ ಹಳೇ ಮಾರುತಿಯಲ್ಲಿ ಹೊರಟರೆ ರಾಯಾಪುರ ಬರುವಷ್ಟರಲ್ಲಿ ವೃಂದಾಳ ಎಡಗಾಲು ಒಲೆಯ ಮುಂದೆ ಕೂತಷ್ಟು ಕಾಯುತ್ತಿತ್ತು. ಅದಕ್ಕೇ ಹೊಸ ಬೂಟು ತಂದು, ತಾನೇ ಕೂಡಿಸಲು ಕೂತಿದ್ದಳು.

ಸ್ಕ್ರೂ ಸೋತಿತು. ಬಳೆ ತೆಗೆದು, ಸೀಳು ಬಿಟ್ಟ ರಬ್ಬರನ್ನು ದಾಂಡಿನ ಮೇಲಿಂದ ಎಳೆದು ತೆಗೆದಳು. ಅಡಿಯಲ್ಲಿ ಕಬ್ಬಿಣದ ತಗಡು ಕಾಣಿಸಿತು.

ತಗಡಿನ ಮೇಲೆ ವಿಭೂತಿ ಇತ್ತು.

ಧೂಳು ಇರಬಹುದು ಎಂದು ಬೆರಳಾಡಿಸಲು ಹೋಗಿ ಕೈ ಹಿಂದಕ್ಕೆ ತೆಗೆದಳು. ಎಲ್ಲಿಯ ಧೂಳು? ಅಡ್ಡಡ್ಡ ಮೂರು ಗೆರೆ. ಮೂರು ಬೆರಳು ಒತ್ತಿ, ನಿಧಾನಕ್ಕೆ, ಭಕ್ತಿಯಿಂದ ಎಳೆದದ್ದು.

ಬಾಳಕೃಷ್ಣ ಕಾಕಾನ ಗಾಡಿಯಲ್ಲಿ ವಿಭೂತಿ! ಧಾರವಾಡದ ಸಾಲಿಯಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದ ಮನುಷ್ಯ. "ಎಂಜಿನ್ನಿಗೆ ಆಯಿಲ್ ಹಾಕ್ರಿ, ಅರಿಷಿಣ ಹಾಕಬ್ಯಾಡ್ರಿ" ಎಂದು ಓಣಿಯವರ ಜೊತೆಗೆಲ್ಲ ಜಗಳಾಡಿದವರು. ದಸರೆಯ ಖಂಡೇ ಪೂಜೆಯ ದಿನ ಯಾರಾದರೂ ಕುಂಕುಮ ಹಚ್ಚಿಯಾರೆಂದು ಮುಂಜಾನೆಯೇ ಗಾಡಿ ತೆಗೆದುಕೊಂಡು ಊರಾಚೆ ಓಡುತ್ತಿದ್ದರು. ಅವರು ಇದ್ದಿದ್ದರೆ ಈ ಮೂರು ಗೆರೆ ನೋಡಿ ಇಡೀ ದಿನ ಭಾಷಣ ಬಿಗಿಯುತ್ತಿದ್ದರು.

ಅವರಿಲ್ಲ. ಒಂದು ಸಂಜೆ ಕೆಲಗೇರಿ ಕೆರೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದರು, ಕಾರು ಮೇಲೆ ಏರಿಯಲ್ಲಿ ನಿಂತಿತ್ತು, ಪೊಲೀಸರು ಕಾಲು ಜಾರಿ ಎಂದು ಕೈ ತೊಳೆದುಕೊಂಡಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಕಾಕಾ ಸಂಜೆ ಹೊತ್ತು ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ ಎಂದು ವೃಂದಾ ಎಷ್ಟು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳು ಬಿಚ್ಚಿದ ಬೂಟನ್ನು ಬೆಳಕಿಗೆ ಹಿಡಿದು ತಿರುವಿದಳು. ಒಂದು ಸುತ್ತು ತಿರುವಿದಳು, ಮತ್ತೊಂದು ಸುತ್ತು ತಿರುವಿದಳು.

ತೇಪೆ ಎಲ್ಲಿ?

ಕಾಕಾನ ಬೂಟು ಸೀಳಿದಾಗ ಅವರು ಸೈಕಲ್ ಪಂಕ್ಚರಿನ ತೇಪೆ ಅಂಟಿಸಿದ್ದರು. ಅದರ ಒಂದು ಮೂಲೆ ಯಾವಾಗಲೂ ಬಾಯಿ ಬಿಟ್ಟಿರುತ್ತಿತ್ತು. ಪೆಪ್ಪರಮಿಂಟು, ಪೆನ್ನಿನ ಟೋಪಿ, ಕೈ ಜಾರಿದ್ದೆಲ್ಲ ಆ ಸೀಳಿನೊಳಗೆ ಮಾಯ. "ನಮ್ಮ ಗಾಡಿಗೆ ಹುಂಡಿ ಅದ ನೋಡವಾ" ಎಂದು ಕಾಕಾ ನಗುತ್ತಿದ್ದರು. ಈ ಬೂಟಿಗೂ ಸೀಳಿತ್ತು, ಬೇಕಾದಷ್ಟಿತ್ತು. ಆದರೆ ತೇಪೆಯೂ ಇಲ್ಲ, ತೇಪೆ ಕಿತ್ತ ಅಂಟಿನ ಗುರುತೂ ಇಲ್ಲ.

ಇನ್ಶೂರೆನ್ಸ್ ಕಂಪನಿಗಳಿಗಾಗಿ ಗುದ್ದಿದ ಗಾಡಿಗಳನ್ನು ತಪಾಸಣೆ ಮಾಡುವುದು ವೃಂದಾಳ ಕಸಬು. ಬದಲಾಯಿಸಿದ ಬಂಪರ್, ಬದಲಾಯಿಸಿದ ಬಾಗಿಲು, ಬದಲಾಯಿಸಿದ ಸುಳ್ಳು, ಎಲ್ಲ ನೋಡಿದ್ದಾಳೆ. ಹರಕು ಬೂಟು ತೆಗೆದು ಇನ್ನೊಂದು ಹರಕು ಬೂಟು ಹಾಕಿದವರನ್ನು ಮಾತ್ರ ಇದೇ ಮೊದಲು ನೋಡಿದ್ದು. ಶಹಾಣೆ ಕೆಲಸವೇ ಸರಿ. ಹೊಸದು ಹಾಕಿದ್ದರೆ ಅವಳು ಮೊದಲನೇ ದಿನವೇ ಕೇಳುತ್ತಿದ್ದಳು.

ಆದರೆ ಆ ಶಹಾಣೆ ಒಂದು ಕಡೆ ಎಡವಿದ್ದ. ಕೈಯ ರೂಢಿ ಬಿಟ್ಟಿರಲಿಲ್ಲ.

ಏನನ್ನೇ ಬಿಚ್ಚಿದರೂ ಮುಚ್ಚುವ ಮುಂಚೆ ವಿಭೂತಿ ಹಚ್ಚುವ ಮನುಷ್ಯ ಅವಳಿಗೆ ಗೊತ್ತಿರುವ ಹಾಗೆ ಒಬ್ಬನೇ. ಫ್ರಿಜ್ಜು ಕೆಟ್ಟಾಗ ಅದರ ಬೆನ್ನಿಗೆ ಹಚ್ಚಿದ್ದ. ಬಾಗಿಲ ಬೀಗ ಬದಲಿಸಿ ಹೊಸ ಕೀಲಿ ಹಾಕಿಸಿಕೊಟ್ಟಾಗ ಕೀಲಿಯ ಹೊಟ್ಟೆಯೊಳಗೆ ಹಚ್ಚಿದ್ದ. "ಶಿವನ ಹೆಸರು ಹಚ್ಚಲಾರದ ಮುಚ್ಚಿದ್ರ ನನಗ ನಿದ್ದಿ ಬರಾಂಗಿಲ್ರಿ" ಅಂದಿದ್ದ.

ಗುರುಬಸವ. ಅರಳೆ ವ್ಯಾಪಾರದ ಮನೆತನ. ರಾಯಾಪುರದ ಶೆಡ್ಡಿನಲ್ಲಿ ಹಳೇ ಗಾಡಿ ಕೂಡಿಸಿಟ್ಟುಕೊಂಡು ಬಿಚ್ಚುವುದು, ಜೋಡಿಸುವುದು ಅವನ ಹುಚ್ಚು. ಕಾಕಾನ ಜೊತೆ ವರ್ಷಗಟ್ಟಲೆ ದೇವರಿದ್ದಾನೆ, ದೇವರಿಲ್ಲ ಎಂದು ವಾದ ಮಾಡಿದ ಗೆಳೆಯ. ಕಾಕಾ ಹೋದ ದಿನ ಕೆರೆಯ ಏರಿಯಿಂದ ಈ ಕಾರನ್ನು ತಂದು ಶೆಡ್ಡಿನಲ್ಲಿಟ್ಟು, ತೊಳೆದು, ಅವಳಿಗೆ ಒಪ್ಪಿಸಿದವನೂ ಅವನೇ.

ಕಾಕಾ ಹೋದ ಮೇಲೆ ನೆಂಟರೆಂಬ ನೆಂಟರೆಲ್ಲ ಹದಿಮೂರನೆಯ ದಿನದ ಊಟ ಮುಗಿಸಿ ಕೈ ಒರೆಸಿಕೊಂಡು ಹೋದವರು ತಿರುಗಿ ಒಂದು ಫೋನು ಮಾಡಿಲ್ಲ. ರವಿವಾರ ತಪ್ಪದೆ ಬಂದವನು ಗುರುಬಸವನೊಬ್ಬ. ಬಂದು ಕೂತು, ತಂದದ್ದನ್ನು ಇಬ್ಬರೂ ತಿಂದು, ಊರ ಸುದ್ದಿ ಹೇಳಿ ಹೋಗುತ್ತಿದ್ದ. ವೃಂದಾ ಶನಿವಾರ ರಾತ್ರಿಯೇ ಎರಡು ತಾಟು ತೊಳೆದಿಡುತ್ತಿದ್ದಳು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಉಳಿದ ದಿನಗಳನ್ನು ಆ ಒಂದು ದಿನದ ಆಸೆಗೆ ನೂಕುತ್ತಿದ್ದಳು.

ಕೇಳಿದರೆ ರವಿವಾರ ಹೋಯಿತು. ಕೇಳದಿದ್ದರೆ ಕಾಕಾ ಹೋದರು.

ಗೇಟಿನ ಹತ್ತಿರ ಸ್ಕೂಟರಿನ ಸಪ್ಪಳವಾಯಿತು. ವೃಂದಾ ಒರೆಸುವ ಬಟ್ಟೆಯನ್ನು ತಗಡಿನ ಮೇಲೆ ಎಳೆದು ಮುಚ್ಚಿದಳು.

"ಬಾಯಾರ! ಬಿಸಿ ಮಿರ್ಚಿ ಭಜಿ ತಂದೇನ್ರಿ. ಆರೂದ್ರಾಗ ಕೈ ತೊಳಕೊಂಡು ಬರ್ರಿ."

ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಎಣ್ಣೆ ಹೀರಿದ ಪೊಟ್ಟಣ. ಎಂದಿನ ಹಾಗೇ ಇದ್ದ, ಮುಖ ಮಾತ್ರ ನಿದ್ದೆಗೆಟ್ಟಂತಿತ್ತು. ಕಾರಿನೊಳಗೆ ಬಗ್ಗಿ ನೋಡಿದವನು ಬೋಳು ದಾಂಡು ಕಂಡು ಅಲ್ಲೇ ನಿಂತ.

"ಅದನ್ಯಾಕ ಬಿಚ್ಚಾಕ ಹೋದ್ರಿ?"

"ಹರದಿತ್ತಲ್ರಿ. ಬಿಸಿ ಗಾಳಿ ಬಡೀತದ."

"ನನಗ ಒಂದ ಮಾತು ಹೇಳಿದ್ರ ನಾ ಮಾಡಿಕೊಡ್ತಿದ್ದೆ."

"ರವಿವಾರ ಅದರಿ ಸಾಹುಕಾರ್ರ. ಕೈಗೆ ಏನರೆ ಕೆಲಸ ಬೇಕಾಗಿತ್ತು. ಬರ್ರಿ, ಹೊಸಾದು ಕೂಡ್ಸೋಣು. ನೀವು ಬೂಟು ಹಿಡೀರಿ, ನಾ ಸ್ಕ್ರೂ ತಿರಗಸ್ತೀನಿ."

ಬೇಡ ಅನ್ನಲು ಅವನಿಗೆ ನೆಪ ಸಿಗಲಿಲ್ಲ. ಪೊಟ್ಟಣವನ್ನು ಬಾನೆಟ್ ಮೇಲಿಟ್ಟು, ಆಚೆ ಬಾಗಿಲಿನಿಂದ ಒಳಗೆ ಕೂತ. ಹೊಸ ಬೂಟಿನ ಕೊರಳಿಗೆ ಸಾಬೂನಿನ ನೀರು ಸವರಿದ. ಕೆಲಸ ಕೈಗೆ ಬಂದ ಕೂಡಲೇ ಮನುಷ್ಯ ಸ್ವಲ್ಪ ಸಡಿಲಾದ. ದಾಂಡಿಗೆ ಇಳಿಸುವ ಮುಂಚೆ, ತನ್ನ ಅರಿವಿಲ್ಲದೆಯೇ, ಅವನ ಬಲಗೈ ಅಂಗಿಯ ಕಿಸೆಗೆ ಹೋಯಿತು. ಪುಟ್ಟ ವಿಭೂತಿ ಡಬ್ಬಿ ಹೊರಗೆ ಬಂತು. ಮೂರು ಬೆರಳು ಅದ್ದಿ, ಎಡಗೈಯಿಂದ ಬಟ್ಟೆ ಸರಿಸಿದ.

ಸರಿಸಿದವನ ಕೈ ಹಾಗೇ ನಿಂತಿತು.

"ಮೊದಲ ಒಮ್ಮೆ ಹಚ್ಚೀರಲ್ರಿ," ಅಂದಳು ವೃಂದಾ. "ಮತ್ತೊಮ್ಮೆ ಯಾಕ?"

ಅವನು ಬಟ್ಟೆಯನ್ನು ತಿರುಗಿ ತಗಡಿನ ಮೇಲೆ ಎಳೆದ.

"ಕಾಕಾನ ಬೂಟು ಎಲ್ಲದರಿ?"

"ಬಾಯಾರ..."

"ತೇಪೆ ಇದ್ದದ್ದು. ಹುಂಡಿ ಅಂತಿದ್ರಲ್ಲಾ, ಅದು. ಈಗ ಬಿಚ್ಚಿದ್ದು ನಿಮ್ಮ ಶೆಡ್ಡಿನ ಯಾವುದೋ ಗಾಡೀದು. ನಾ ಕೂಸಲ್ಲ, ಸಾಹುಕಾರ್ರ."

ಗುರುಬಸವ ಬೆರಳ ವಿಭೂತಿಯನ್ನು ಹಣೆಗೆ ಒರೆಸಿಕೊಂಡ. ಹೊಸ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಗಾಜಿನಾಚೆ ನೋಡುತ್ತ ಕೂತ.

"ನಾನ ತಗದೇನ್ರಿ."

"ಯಾಕ?"

"ರಕ್ತ ಇತ್ರಿ. ಮಡಿಕ್ಯಾಗ ಒಣಗಿ ಕರ್ರಗ ಆಗಿತ್ತು. ಪೊಲೀಸರು ಗ್ರೀಸ್ ಅಂತ ಬಿಟ್ರು. ಶೆಡ್ಡಿನ್ಯಾಗ ತೊಳಿಯಾಕ ಹೋದಾಗ ನೀರು ಕೆಂಪಾತು."

ಕಾಕಾ ಸತ್ತು ಬಿದ್ದದ್ದು ಕೆಳಗೆ, ಮೆಟ್ಟಿಲ ಬುಡದಲ್ಲಿ. ಕಾರಿನೊಳಗೆ ರಕ್ತ ಬಂದಿದೆ ಎಂದರೆ, ಅವರ ರಕ್ತ ಮೆತ್ತಿದ ಇನ್ನೊಬ್ಬರ ಕೈ ಈ ಗೇರು ಮುಟ್ಟಿದೆ. ಇಷ್ಟು ದಿನ ಅವಳು ಹೇಳುತ್ತ ಬಂದದ್ದು ಖರೇ ಆಯಿತು. ಖುಷಿಪಡಬೇಕಿತ್ತು. ಆದರೆ ಸಾಕ್ಷಿ ಮುಚ್ಚಿಟ್ಟ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತಿದ್ದ. ಸ್ಕ್ರೂಡ್ರೈವರ್ ಹಿಡಿದ ಅವಳ ಕೈ ಬಿಗಿಯಾಯಿತು.

"ನೀವ ಕೊಂದ್ರೇನು?"

"ನಾನಾ?"

ಗುರುಬಸವ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಯ್ಯೋ ಪಾಪ ಅನ್ನುವ ನೋಟವೊಂದು ಇತ್ತು. ಅದೇ ಅವಳನ್ನು ಹೆದರಿಸಿತು.

"ಬಾಯಾರ, ಇಲ್ಲಿ ಇರೋರು ಇಬ್ಬರ. ಇನ್ನ ನಾಟಕ ಯಾಕ್ರಿ?"

"ಯಾತರ ನಾಟಕ?"

"ಬೂಟಿನ ಒಳಗ ನಿಮ್ಮ ಮನಿ ಕೀಲಿಕೈ ಇತ್ರಿ."

ವೃಂದಾ ಕಿಸೆಯಲ್ಲಿದ್ದ ತನ್ನ ಕೀಲಿಕೈ ಮುಟ್ಟಿ ನೋಡಿಕೊಂಡಳು.

"ಹಿತ್ತಾಳಿ ಬಿಲ್ಲೆ ಮ್ಯಾಲ ನಿಮ್ಮ ಹೆಸರು. ನಿಮ್ಮ ಕಾಕಾನ ಮಾಡಿಸಿಕೊಟ್ಟಿದ್ದು. ಆ ತೇಪಿ ಸೀಳಿನ್ಯಾಗ ಜಾರಿ ಬಿದ್ದಿತ್ತು. ಅದಕ್ಕೂ ರಕ್ತ ಮೆತ್ತಿತ್ತು."



ಹೊಸ ಕೀಲಿ ಹಾಕಿಸಿದ ದಿನ ವೃಂದಾಳಿಗೆ ನೆನಪಾಯಿತು. ಕೀಲಿಕೈ ಎಲ್ಲೋ ಬಿದ್ದಿದೆ ಎಂದು ಅವಳು ಹೇಳಿದ್ದಕ್ಕೆ ಇವನೇ ಓಡಿಹೋಗಿ ಕೀಲಿ ರಿಪೇರಿಯವನನ್ನು ಕರೆತಂದಿದ್ದ. ಹಳೆಯ ಕೀಲಿಕೈ ತನ್ನ ಶೆಡ್ಡಿನಲ್ಲೇ ಇಟ್ಟುಕೊಂಡು, ಮುಖ ಗಂಟಿಕ್ಕದೆ, ಬಾಗಿಲ ಮುಂದೆ ನಿಂತು ಕೆಲಸ ಮಾಡಿಸಿದ್ದ. ಯಾರಿಗೂ ಅನುಮಾನ ಬರಬಾರದೆಂದು.

"ನಾ ಕಾಕಾನ್ನ ಕೊಂದೀನಿ ಅಂತ ತಿಳಕೊಂಡೀರಿ," ಅಂದಳು.

"ನೀವ ನನ್ನ ಮುಂದ ನಿಮ್ಮ ಕಾಕಾಗ ಅಂದಿದ್ರಿ. ಒಂದಿನ ನಿಮ್ಮನ್ನ ನಾನ ಕೆರಿಗೆ ನೂಕ್ತೀನಿ ಅಂತ."

"ಸಿಟ್ಟಿಗೆ ಅಂದದ್ದದು! ಕಣ್ಣು ಕಾಣಂಗಿಲ್ಲ, ಒಬ್ಬರ ಮೆಟ್ಟಲಾ ಇಳೀತಾರ ಅಂತ ಬೈದದ್ದು. ಮನ್ಯಾಗ ಮಂದಿ ಹಂಗ ಬೈಯೂದಿಲ್ಲೇನ್ರಿ?"

"ಬೈತಾರ್ರಿ. ನಾನೂ ಹಂಗ ಅನ್ಕೊಂಡಿದ್ದೆ, ಕೀಲಿಕೈ ಸಿಗೂತನಾ."

"ಕೀಲಿಕೈ ನಾ ಕಳಕೊಂಡದ್ದು ಅದಕ್ಕಿಂತ ಮೊದಲು! ಕಾಕಾನ ಮನ್ಯಾಗ ಬಾಗಲಾ ಹಿಂದಿನ ಮೊಳೀಗೆ ತೂಗಹಾಕಿದ್ದೆ. ತಿರುಗಿ ಹೊಂಡೋ ಮುಂದ ಇರಲಿಲ್ಲ. ನನ್ನ ಮನೀದು ಇನ್ನೊಂದ ಕೀಲಿಕೈ ಹೊರಗ ಕಟ್ಟಿ ಸಂದ್ಯಾಗ ಇಟ್ಟಿರ್ತೀನಿ, ಅದನ್ನ ತಗೊಂಡು ಒಳಗ ಹೋದೆ."

"ಯಾರಿಗರ ಹೇಳಿದ್ರೇನು?"

ಯಾರಿಗೆ ಹೇಳುವುದು? ಕೀಲಿಕೈ ಕಳೆಯಿತು ಎಂದು ಮನೆಯಲ್ಲಿ ಹೇಳಿಕೊಳ್ಳಲು ಗಂಡನಿಲ್ಲ, ಮಕ್ಕಳಿಲ್ಲ. ಕಾಕಾನಿಗೆ ಹೇಳಿದರೆ ಮನೆಯನ್ನೆಲ್ಲ ಕಿತ್ತು ಹುಡುಕುತ್ತಾರೆಂದು ಬಿಟ್ಟಿದ್ದಳು. ಕಾಕಾ ಸತ್ತ ಮರುದಿನ, ಒಬ್ಬಳೇ ಮಲಗಲು ಹೆದರಿಕೆಯಾಗಿ, ಗುರುಬಸವನಿಗೆ ಹೇಳಿದ್ದೇ ಮೊದಲು.

"ನಿಮಗ ಹೇಳೀನಿ," ಅಂದಳು.

"ಹೌದ್ರಿ. ಮರುದಿನ."

"ಸಾಹುಕಾರ್ರ, ಖರೇನ ಹೇಳ್ಲಿಕ್ಕತ್ತೀನಿ."

"ಆ ಸಂಜೀಕ ನೀವು ಎಲ್ಲಿದ್ರಿ?"

"ಮನ್ಯಾಗ."

"ಯಾರು ನೋಡ್ಯಾರ?"

ಆ ಸಂಜೆ ಅವಳು ಅವಲಕ್ಕಿ ಕಲಿಸಿಕೊಂಡು, ಟೀವಿ ಹಚ್ಚಿಕೊಂಡು, ಸೋಫಾದ ಮೇಲೆಯೇ ನಿದ್ದೆ ಹೋಗಿದ್ದಳು. ಒಂದು ಫೋನು ಬಂದಿರಲಿಲ್ಲ. ಒಬ್ಬರು ಬಾಗಿಲು ಬಡಿದಿರಲಿಲ್ಲ. ಹಾಗೆ ಕಳೆದ ಸಂಜೆಗಳು ಎಷ್ಟೋ. ಒಂದಕ್ಕೂ ಸಾಕ್ಷಿ ಇಲ್ಲ. ಎದುರು ಮನೆಯವರಿಗೆ ಅವಳ ಹೆಸರು ಗೊತ್ತಿದೆಯೋ ಇಲ್ಲವೋ, ಅದೂ ಅವಳಿಗೆ ಗೊತ್ತಿರಲಿಲ್ಲ.

"ಯಾರೂ ಇಲ್ಲ," ಅಂದಳು.

ಗುರುಬಸವ ತಲೆಯಾಡಿಸಿದ. ಆ ಉತ್ತರ ಅವನಿಗೆ ಮೊದಲೇ ಗೊತ್ತಿದ್ದ ಹಾಗಿತ್ತು.

ಅಳು ಬರುವುದರ ಬದಲು ಅವಳಿಗೆ ಸಿಟ್ಟು ಬಂತು. ಬಂದದ್ದೂ ಎಂಥದ್ದು, ತಲೆಗೇರುವಂಥದ್ದು.

"ಮತ್ತ ಕೊಲೆಗಾರ್ತಿ ಮನಿಗೆ ರವಿವಾರಕ್ಕೊಮ್ಮೆ ಬಂದು ಯಾಕ ತಿಂದು ಹೋಗ್ತಿದ್ರಿ? ಹೆದರಿಕಿ ಆಗಲಿಲ್ಲೇನು? ನಾ ಎರಡ ತಾಟು ತೊಳದಿಡ್ತಿದ್ದೆ, ಗೊತ್ತದೇನು ನಿಮಗ?"

"ಗೊತ್ತೈತ್ರಿ."

"ಹಂಗಂದ್ರ?"

"ಏನ ಮಾಡಿದ್ರೂ ಮನಷ್ಯಾ ಒಬ್ಬನ ಉಣಬಾರದ್ರಿ. ನನ್ನ ಹೇಣ್ತಿ ಹೋದ ಮ್ಯಾಲೆ ನನಗದು ತಿಳೀತು. ಸಿಟ್ಟಿನ ಭರಾಟ್ಯಾಗ ಕೈ ತಪ್ಪಿರಬೇಕು, ಬೇಕಂತ ಮಾಡಿರಾಕಿಲ್ಲ, ಈಗ ಒಳಗ ಸುಡಾಕತ್ತೈತಿ ಅಂತ ಅನ್ಕೊಂಡಿದ್ದೆ. ಎಂದರ ಒಂದಿನ ನೀವ ಹೇಳ್ತೀರಿ ಅಂತ ದಾರಿ ನೋಡಾಕತ್ತಿದ್ದೆ. ನೀವು ಹೇಳಲಿಲ್ಲ. ಉಲ್ಟಾ, ಠಾಣೇಕ ಹೋಗಿ ಹೋಗಿ ಆ ವಿನೀತನ ಮ್ಯಾಲೆ ಹಾಕಿದ್ರಿ."

ವಿನೀತ ಅಂದರೆ ಕಾಕಾನ ಮಹಡಿಯ ಬಾಡಿಗೆದಾರ, ಔಷಧಿ ಕಂಪನಿಯ ನೌಕರ. ಆ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ ಒಮ್ಮೆ ಹುಬ್ಬಳ್ಳಿ ಅಂದಿದ್ದ, ಇನ್ನೊಮ್ಮೆ ಬೆಳಗಾವಿ ಅಂದಿದ್ದ. ವೃಂದಾ ಅದನ್ನೇ ಹಿಡಿದುಕೊಂಡು ಇನ್ಸ್‌ಪೆಕ್ಟರ್ ಯಮನಪ್ಪನವರ ಜೀವ ತಿಂದಿದ್ದಳು. ನಿನ್ನೆ ಕೊನೆಗೂ ಅವರು ಅವನನ್ನು ಠಾಣೆಗೆ ಒಯ್ದಿದ್ದರು. ನಿನ್ನೆ ಅವಳು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಿದ್ದಳು.

"ಅವನ ಮಾತು ಸುಳ್ಳದ, ಸಾಹುಕಾರ್ರ! ಆ ಮೊಳಿ ಅದ ಮನ್ಯಾಗದ, ಅವನೂ ಅದ ಮನ್ಯಾಗಿರ್ತಾನ. ಕೀಲಿಕೈ ಯಾರಿಗೆ ಸಿಕ್ಕಿತ್ತು ಅಂತ ಒಂದೀಟು ವಿಚಾರ ಮಾಡ್ರಿ!"

ಗುರುಬಸವನ ಹುಬ್ಬು ಕೂಡಿತು. ಒಂದು ಗಳಿಗೆ, ಒಂದೇ ಗಳಿಗೆ, ಅವನ ಕಣ್ಣಲ್ಲಿ ಅನುಮಾನ ಆಚೆ ಈಚೆ ಓಡಾಡಿದ್ದನ್ನು ವೃಂದಾ ಕಂಡಳು. ಇವನೊಬ್ಬ ನಂಬಿದರೆ ಸಾಕಿತ್ತು. ಲೋಕ ಏನು ಬೇಕಾದರೂ ಅಂದುಕೊಳ್ಳಲಿ.

"ಮೊಳಿ..." ಅಂದ ಅವನು ಮೆಲ್ಲಗೆ. "ಮೊಳಿ ವಿಚಾರ ನೀವು ಮೊದಲ ಹೇಳಬೇಕಿತ್ರಿ."

"ಈಗ ಹೇಳೀನಲ್ಲ. ನಡೀರಿ, ನಿಮ್ಮ ಶೆಡ್ಡಿಗೆ ಹೋಗೋಣು. ಬೂಟು, ಕೀಲಿಕೈ ಎರಡೂ ನನಗ ತೋರಸ್ರಿ. ಯಾವ ಕೈ ಅದನ್ನ ಮುಟ್ಟೇದ ಅಂತ ಗೊತ್ತಾಗ್ತದ. ಏಳ್ರಿ!"

ಅವನು ಏಳಲಿಲ್ಲ. ಹೊಸ ಬೂಟಿನ ಮಡಿಕೆಗಳನ್ನು ಒಂದೊಂದಾಗಿ ಒತ್ತುತ್ತ ಕೂತ.

"ಶೆಡ್ಡಿನ್ಯಾಗ ಇಲ್ರಿ."

"ಮತ್ತ?"

"ನಿನ್ನೆ ವಿನೀತನ ಅವ್ವ ಠಾಣೇದ ಮುಂದ ಕುಂತಿದ್ಲು. ಅಳಾಕತ್ತಿರಲಿಲ್ಲ, ಸುಮ್ಮ ಕುಂತಿದ್ಲು. ನಾ ಸ್ಕೂಟರ್ ನಿಲ್ಲಿಸಿ ನೋಡಿದೆ. ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ರಿ ನನಗ. ಮತ್ತೊಬ್ಬರ ಮಗ ನಿಮ್ಮ ಸಲುವಾಗಿ ಜೇಲಿಗೆ ಹೋಗೂದು ತಡಕೊಳ್ಳಾಕ ಆಗಲಿಲ್ಲ."

"ಏನ ಮಾಡಿದ್ರಿ?" ಅಂದಳು ವೃಂದಾ.

"ಇವತ್ತ ಮುಂಜಾನೆ ಯಮನಪ್ಪ ಸಾಹೇಬರ ಟೇಬಲ್ ಮ್ಯಾಲ ಇಟ್ಟು ಬಂದೇನಿ. ಎರಡೂ. ಸಾಕ್ಷಿ ಮುಚ್ಚಿಟ್ಟದ್ದಕ್ಕ ನಿನ್ನನ್ನೂ ಬಿಡೂದಿಲ್ಲ, ಮನೀಗೆ ಹೋಗಿ ಕುಂದ್ರು ಅಂದ್ರು. ಮನೀಗೆ ಹೋಗಲಿಲ್ಲ ನಾ. ಸೀದಾ ಇಲ್ಲಿಗೆ ಬಂದೆ."

ಹೊರಗೆ ರಸ್ತೆಯಲ್ಲಿ ಗಾಡಿಯೊಂದು ನಿಧಾನವಾಯಿತು. ಕಾವಲಿನವನು ಗೇಟಿನ ಸರಪಳಿ ಎಳೆದ ಸಪ್ಪಳ, ಹಿಂದೆಯೇ ಭಾರದ ಟೈರುಗಳು ಇಳಿಜಾರಿಗೆ ತಿರುಗಿದ ಸಪ್ಪಳ ಕೇಳಿಸಿತು. ಮೇಲಿನ ಬಾಲ್ಕನಿಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ಅಷ್ಟು ಜನ ಒಟ್ಟಿಗೆ ತನ್ನ ಕಡೆ ನೋಡಿದ್ದು ವೃಂದಾಳಿಗೆ ಅದೇ ಮೊದಲು.

ಅವಳು ಗುರುಬಸವನ ತೋಳು ಹಿಡಿದಳು.

"ಕೊಟ್ಟು ಬಂದ್ರಿ, ಆಯ್ತು. ಕೊಟ್ಟ ಮ್ಯಾಲೆ ಇಲ್ಲಿಗೆ ಯಾಕ ಬಂದ್ರಿ? ನಾ ಹೆಂಗ ಹೋಗ್ತೀನಿ ಅಂತ ನೋಡ್ಲಿಕ್ಕೇನು?"

ಅವನು ಮುಖ ಮೇಲೆತ್ತಲಿಲ್ಲ.

"ಅವರು ಬಂದಾಗ ನೀವು ಒಬ್ಬರ ಇರಬಾರದು ಅಂತ ಬಂದೇನ್ರಿ, ಬಾಯಾರ."